ಹಳೆಯ ಉಣ್ಣೆ ಕೌದಿಯಾಗಲಿ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಮನೆಗಳಲ್ಲಿ ಹಳೆಯ ಸೀರೆಗೆ ಒಂದು ನಿಶ್ಚಿತ ದಾರಿಯಿತ್ತು. ಉಡಲು ಬಾರದಾದ ಸೀರೆ ಮೊದಲು ಮಗುವಿನ ಜೋಲಿಯಾಗುತ್ತಿತ್ತು, ಬಳಿಕ ಕೌದಿಯ ಪದರವಾಗುತ್ತಿತ್ತು. ಕೌದಿಯೂ ಜೀರ್ಣವಾದ ಮೇಲೆ ನೆಲ ಒರೆಸುವ ಅರಿವೆಯಾಗಿ ಕಡೆಗೆ ಗೊಬ್ಬರದ ಗುಂಡಿ ಸೇರುತ್ತಿತ್ತು. ಹತ್ತಿ ಮಣ್ಣಿನಿಂದ ಬಂದು ಮಣ್ಣಿಗೆ ಮರಳುವ ಈ ಯಾತ್ರೆಯಲ್ಲಿ ಕಸ ಎಂಬ ಹಂತವೇ ಇರಲಿಲ್ಲ.

ಹಳೆಯ ಸ್ವೆಟರಿಗೆ ಮಾತ್ರ ಇಂಥ ದಾರಿ ಇಲ್ಲವಾಗಿದೆ. ಮೊಣಕೈ ಹರಿದ ಸ್ವೆಟರು, ನುಸಿ ತಿಂದ ಶಾಲು, ಅಜ್ಜನ ಕಾಲದ ಉಣ್ಣೆಯ ಕೋಟು ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿದ್ದು, ಒಂದು ದಿನ ಬಚ್ಚಲ ಒಲೆಯನ್ನೋ ಹಳ್ಳದ ದಂಡೆಯನ್ನೋ ಸೇರುತ್ತವೆ. ಅದೇ ಮನೆಗೆ ಮಳೆಗಾಲದ ಹೊತ್ತಿಗೆ ಪೇಟೆಯಿಂದ ಮಿರುಗುವ ಪಾಲಿಯೆಸ್ಟರ್ ರಗ್ಗು ಬರುತ್ತದೆ. ಬೆಚ್ಚಗಿಡುವ ವಸ್ತುವನ್ನು ಬೆಂಕಿಗೆ ಹಾಕಿ, ಬೆಚ್ಚಗಿರಲೆಂದೇ ಮತ್ತೊಂದನ್ನು ಹಣ ತೆತ್ತು ತರುವ ಈ ವ್ಯವಹಾರದಲ್ಲಿ ಮನೆಗೂ ನಷ್ಟವಿದೆ, ಹಳ್ಳಕ್ಕೂ ನಷ್ಟವಿದೆ, ತೋಟದ ಮಣ್ಣಿಗೂ ನಷ್ಟವಿದೆ. ಹಳೆಯ ಉಣ್ಣೆ ಬಟ್ಟೆಯಿಂದ ಕೌದಿ ಮಾಡುವ ವಿಚಾರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗಿದೆ.

ಬೆಚ್ಚಗಿಡುವುದು ಯಾವುದು?

ಕೌದಿ ಶಾಖವನ್ನು ಉತ್ಪಾದಿಸುವುದಿಲ್ಲ. ಶಾಖ ಹೊದ್ದವರ ಮೈಯದು. ಅದು ಹೊರಗೆ ಹರಿದುಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ. ಈ ತಡೆಯುವ ಕೆಲಸವನ್ನು ಬಟ್ಟೆಗಿಂತ ಹೆಚ್ಚಾಗಿ ಮಾಡುವುದು ಬಟ್ಟೆಯೊಳಗೆ ನಿಶ್ಚಲವಾಗಿ ಸಿಕ್ಕಿಕೊಂಡ ಗಾಳಿ. ನಿಂತ ಗಾಳಿ ಶಾಖದ ಅತಿ ದುರ್ಬಲ ವಾಹಕ. ನೀರು ಅದಕ್ಕಿಂತ ಸುಮಾರು 24 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದಲೇ ಒಣ ಹೊದಿಕೆ ಬೆಚ್ಚಗಿರುತ್ತದೆ, ಒದ್ದೆ ಹೊದಿಕೆ ನಡುಗಿಸುತ್ತದೆ.

ಉಣ್ಣೆಯ ಎಳೆ ನೇರವಾಗಿರದೆ ಸುರುಳಿ ಸುರುಳಿಯಾಗಿರುತ್ತದೆ. ಎಷ್ಟು ಒತ್ತಿದರೂ ಮತ್ತೆ ಉಬ್ಬಿ ನಿಂತು ಗಾಳಿಗೆ ಜಾಗ ಮಾಡಿಕೊಡುತ್ತದೆ. ಇದು ಒಂದು ಗುಣ. ಎರಡನೆಯದು ಮಲೆನಾಡಿಗೆ ಇನ್ನೂ ಮುಖ್ಯವಾದದ್ದು. ಉಣ್ಣೆಯ ಎಳೆ ತನ್ನ ಒಣತೂಕದ ಮೂರನೇ ಒಂದು ಭಾಗದಷ್ಟು ನೀರಾವಿಯನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಅಷ್ಟೇ ಅಲ್ಲ, ತೇವವನ್ನು ಹೀರುವಾಗ ಎಳೆಯಿಂದ ಸ್ವಲ್ಪ ಶಾಖವೂ ಹೊರಬರುತ್ತದೆ. ಸಾಧಾರಣ ಹವೆಯಲ್ಲಿ ಉಣ್ಣೆ ತನ್ನ ತೂಕದ ಶೇ. 16ರಷ್ಟು ತೇವವನ್ನು ಹಿಡಿದಿಟ್ಟುಕೊಂಡಿದ್ದರೆ, ಹತ್ತಿಯಲ್ಲಿ ಅದು ಸುಮಾರು ಶೇ. 8, ಪಾಲಿಯೆಸ್ಟರಿನಲ್ಲಿ ಶೇ. 1ಕ್ಕಿಂತಲೂ ಕಡಿಮೆ. ಪಾಲಿಯೆಸ್ಟರ್ ರಗ್ಗಿನೊಳಗೆ ಬೆವರಿ, ತೆಗೆದರೆ ಚಳಿಯೆನಿಸಿ, ರಾತ್ರಿಯಿಡೀ ಹೊದೆಯುವುದೂ ಸರಿಸುವುದೂ ಆಗುವುದಕ್ಕೆ ಕಾರಣ ಇದೇ. ಮೈಯ ಆವಿಗೆ ಅಲ್ಲಿ ಇಂಗಲು ಸ್ಥಳವಿಲ್ಲ.

ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಗದ್ದೆಯಲ್ಲಿ ಇಡೀ ದಿನ ಬಾಗಿ ನಿಂತವರು ಕಂಬಳಿ ಕೊಪ್ಪೆಯನ್ನು ನಂಬಿದ್ದು ಸುಮ್ಮನೆ ಅಲ್ಲ. ಬಯಲುಸೀಮೆಯ ದಖ್ಖನಿ ಕುರಿಯ ಒರಟು ಕರಿ ಉಣ್ಣೆಯನ್ನು ನೂತು, ಹುಣಿಸೆ ಬೀಜದ ಗಂಜಿ ಕೊಟ್ಟು, ಕುಣಿಮಗ್ಗದಲ್ಲಿ ನೇಯ್ದ ಕಂಬಳಿ ಮಲೆನಾಡಿನ ಮಳೆಗೆ ತಕ್ಕ ಉತ್ತರವಾಗಿತ್ತು. ಚಳ್ಳಕೆರೆಯ ಕಡೆಯ ಕಂಬಳಿ ಘಟ್ಟದ ಮನೆಗಳಲ್ಲಿ ತಲೆಮಾರುಗಳ ಕಾಲ ಬಾಳಿದೆ. ಹಳೆಯ ಉಣ್ಣೆಯ ಕೌದಿ ಇದೇ ಜ್ಞಾನದ ಮುಂದುವರಿಕೆ.

ಉಣ್ಣೆಯೋ, ಉಣ್ಣೆಯ ವೇಷವೋ?

ಕೆಲಸಕ್ಕೆ ಕೈ ಹಾಕುವ ಮುನ್ನ ಒಂದು ವಿಂಗಡಣೆ ಅಗತ್ಯ. ಅಂಗಡಿಯಲ್ಲಿ ‘ಉಲನ್’ ಎಂದು ಕರೆಯುವುದೆಲ್ಲ ಉಣ್ಣೆಯಲ್ಲ. ಇಂದು ಪೇಟೆಯಲ್ಲಿ ದೊರೆಯುವ ಅಗ್ಗದ ಸ್ವೆಟರುಗಳಲ್ಲಿ, ಶಾಲಾ ಸಮವಸ್ತ್ರದ ಸ್ವೆಟರುಗಳಲ್ಲಿ, ಹೆಣೆಯಲೆಂದು ತರುವ ಬಣ್ಣದ ನೂಲಿನ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್, ಅಂದರೆ ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ ಎಳೆ. ಮುಂಡಗೋಡಿನಲ್ಲಿ 1966ರಲ್ಲಿ ನೆಲೆಯೂರಿದ ಟಿಬೆಟನ್ನರೂ ಸೇರಿದಂತೆ ಅನೇಕ ಟಿಬೆಟನ್ ಕುಟುಂಬಗಳು ಚಳಿಗಾಲದಲ್ಲಿ ಊರೂರ ರಸ್ತೆಬದಿಗಳಲ್ಲಿ ಸ್ವೆಟರು ಮಾರುವುದನ್ನು ಎಲ್ಲರೂ ಕಂಡಿದ್ದಾರೆ. ಆ ಸರಕಿನ ದೊಡ್ಡ ಪಾಲು ಲುಧಿಯಾನದ ಕಾರ್ಖಾನೆಗಳಿಂದ ಬರುತ್ತದೆ. ಅದರಲ್ಲಿ ಉಣ್ಣೆಯೂ ಉಂಟು, ಅಕ್ರಿಲಿಕ್ಕೂ ಉಂಟು, ಎರಡರ ಮಿಶ್ರಣವೂ ಉಂಟು. ನೋಡಿದ ಮಾತ್ರಕ್ಕೆ ಭೇದ ತಿಳಿಯುವುದು ಕಷ್ಟ.

ಕುತ್ತಿಗೆಯ ಬಳಿಯ ಚೀಟಿ ಉಳಿದಿದ್ದರೆ ಮೊದಲು ಅದನ್ನು ಓದಬೇಕು. ಚೀಟಿ ಇಲ್ಲದಿದ್ದರೆ ಒಂದು ಸರಳ ಪರೀಕ್ಷೆಯುಂಟು. ಒಳಹೊಲಿಗೆಯಿಂದ ಎರಡು ಮೂರು ಎಳೆಗಳನ್ನು ಬಿಡಿಸಿ, ಚಿಮಟದಲ್ಲಿ ಹಿಡಿದು, ಕೆಳಗೆ ತಟ್ಟೆಯಿಟ್ಟು ದೀಪದ ಉರಿಗೆ ಒಡ್ಡಬೇಕು. ಉಣ್ಣೆ ಒಲ್ಲೆನೆಂಬಂತೆ ನಿಧಾನವಾಗಿ ಹೊತ್ತುತ್ತದೆ, ಉರಿಯಿಂದ ಹೊರತೆಗೆದರೆ ತಾನಾಗಿ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಉಳಿದ ಕರಿ ಬೂದಿ ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಥಟ್ಟನೆ ಹೊತ್ತಿ, ಕರಗಿ, ಗಟ್ಟಿಯಾದ ಕರಿಮಣಿಯನ್ನು ಉಳಿಸುತ್ತದೆ. ಅದು ಒತ್ತಿದರೂ ಪುಡಿಯಾಗದು. ಕೂದಲಿನ ವಾಸನೆಯೂ ಬಂದು, ಗಟ್ಟಿ ಮಣಿಯೂ ಉಳಿದರೆ ಅದು ಮಿಶ್ರಣ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಶಾಲೆಗಳ ವಿಜ್ಞಾನ ತರಗತಿಯಲ್ಲಿ ಶಿಕ್ಷಕರ ಎದುರಿನಲ್ಲಿ ಈ ಪರೀಕ್ಷೆ ನಡೆಸಬಹುದು. ಪಾಠಪುಸ್ತಕದ ಪ್ರೋಟೀನು ಮತ್ತು ಕೃತಕ ಪಾಲಿಮರ್‌ಗಳ ವ್ಯತ್ಯಾಸ ಹತ್ತು ನಿಮಿಷಗಳಲ್ಲಿ ಮನದಟ್ಟಾಗುತ್ತದೆ.

ಪರೀಕ್ಷೆಗೆ ಎರಡು ಎಳೆ ಸುಡುವುದು ಬೇರೆ, ಸ್ವೆಟರುಗಳನ್ನೇ ಬಚ್ಚಲ ಒಲೆಗೆ ತುಂಬುವುದು ಬೇರೆ. ಅಕ್ರಿಲಿಕ್ ಬೇಯುವಾಗ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸಾರಜನಕವಿರುವ ಉಣ್ಣೆಯೂ ಹೊಗೆಯಾಡಿ ಬೆಂದರೆ ಈ ಅನಿಲ ಬರುವುದುಂಟು. ಮುಚ್ಚಿದ ಬಚ್ಚಲಿನಲ್ಲಿ, ನೀರು ಕಾಯಿಸುವ ತಾಯಂದಿರ ಹಾಗೂ ಮಕ್ಕಳ ಮೂಗಿಗೆ ಹತ್ತಿರದಲ್ಲಿ ಇದು ನಡೆಯಬಾರದು.

ಗುಜರಿಗೆ ಕೊಟ್ಟರೆ ಸಾಲದೇ?

ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವವರು ಬರುತ್ತಾರಲ್ಲ, ಅವರಿಗೆ ಕೊಟ್ಟರೆ ಎಲ್ಲೋ ಮರುಬಳಕೆಯಾಗುತ್ತದೆ ಎಂಬ ಸಮಾಧಾನ ಹಲವರದು. ಮರುಬಳಕೆ ನಡೆಯುವುದು ನಿಜ. ಹಳೆಯ ಉಣ್ಣೆ ಬಟ್ಟೆಯನ್ನು ಚಿಂದಿ ಮಾಡಿ ಮತ್ತೆ ನೂಲುವ ವಿದ್ಯೆಯನ್ನು ಇಂಗ್ಲೆಂಡಿನ ಯಾರ್ಕ್‌ಶೈರಿನ ಬ್ಯಾಟ್ಲಿಯಲ್ಲಿ 1813ರಲ್ಲಿ ಬೆಂಜಮಿನ್ ಲಾ ಎಂಬಾತ ರೂಢಿಗೆ ತಂದನೆಂದು ಹೇಳಲಾಗುತ್ತದೆ. ಅಂಥ ನೂಲಿಗೆ ಶಾಡಿ ಎಂದು ಹೆಸರು. ಭಾರತದಲ್ಲಿ ಈ ಉದ್ಯಮದ ಕೇಂದ್ರ ಹರಿಯಾಣದ ಪಾಣಿಪತ್. ವಿದೇಶಗಳು ಬಿಸುಟ ಕೋಟು, ಸ್ವೆಟರುಗಳು ಕಾಂಡ್ಲಾ ಬಂದರಿಗೆ ಬಂದಿಳಿದು ಅಲ್ಲಿಗೆ ಸಾಗುತ್ತವೆ. ಮಹಿಳೆಯರು ಗುಂಡಿ, ಜಿಪ್ಪುಗಳನ್ನು ಕತ್ತರಿಸಿ ತೆಗೆಯುತ್ತಾರೆ, ಬಣ್ಣಗಳನ್ನು ಬೇರ್ಪಡಿಸುತ್ತಾರೆ, ಯಂತ್ರಗಳು ಅವನ್ನು ಹಿಂಜುತ್ತವೆ. ಮೇಘನಾ ಗುಪ್ತಾ ನಿರ್ದೇಶಿಸಿದ 2012ರ ‘ಅನ್‌ರಾವೆಲ್’ ಎಂಬ ಕಿರು ಸಾಕ್ಷ್ಯಚಿತ್ರ ಈ ಮಹಿಳೆಯರ ಬದುಕನ್ನು ತೋರಿಸುತ್ತದೆ. ಭೂಕಂಪ, ನೆರೆಗಳ ಕಾಲದಲ್ಲಿ ಸಂತ್ರಸ್ತರಿಗೆ ಹಂಚಿದ ಅದೆಷ್ಟೋ ಕಂಬಳಿಗಳು ಪಾಣಿಪತ್ತಿನ ಈ ನೂಲಿನವು.

ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಯಂತ್ರದಲ್ಲಿ ಹಿಂಜುವಾಗ ಉಣ್ಣೆಯ ಎಳೆ ತುಂಡಾಗುತ್ತದೆ. ಕುಳ್ಳಾದ ಎಳೆಯಿಂದ ಗಟ್ಟಿ ನೂಲು ಬಾರದ ಕಾರಣ ಬೇರೆ ಎಳೆಗಳನ್ನು, ಹಲವು ವೇಳೆ ಕೃತಕ ಎಳೆಗಳನ್ನು, ಬೆರೆಸಬೇಕಾಗುತ್ತದೆ. ಜೊತೆಗೆ, ಈಚಿನ ವರ್ಷಗಳಲ್ಲಿ ಅಲ್ಲಿನ ಅನೇಕ ಗಿರಣಿಗಳೇ ಪಾಲಿಯೆಸ್ಟರ್ ಕಂಬಳಿಯತ್ತ ಹೊರಳಿವೆ. ಮನೆಯಲ್ಲಿ ಮಾಡುವ ಕೌದಿಯಲ್ಲಾದರೋ ಎಳೆ ಮುರಿಯುವುದಿಲ್ಲ, ಸಾಗಣೆಗೆ ಡೀಸೆಲ್ ವ್ಯಯವಾಗುವುದಿಲ್ಲ, ಪ್ಲಾಸ್ಟಿಕ್ ಬೆರೆಯುವುದಿಲ್ಲ. ಮನೆಯಲ್ಲಿ ಆಗದೇ ಉಳಿದದ್ದು ಮಾತ್ರ ಗುಜರಿಗೆ ಹೋಗುವುದು ಸರಿಯಾದ ಕ್ರಮ.

ಕೌದಿಯ ವಿದ್ಯೆ ಬಲ್ಲವರು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಯಂಗಳದಲ್ಲೇ ಕುಳಿತು, ಆ ಮನೆಯ ಹಳೆಯ ಬಟ್ಟೆಯಿಂದಲೇ ಕೌದಿ ಹೊಲಿದುಕೊಟ್ಟು ಕೂಲಿ ಪಡೆಯುವ ಮಹಿಳೆಯರಿದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಬಾಳುವ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರ ಕವಂದಿ ಇನ್ನೂ ವಿಶಿಷ್ಟ. ತಳಕ್ಕೆ ಒಂದು ಸೀರೆಯನ್ನು ಹಾಸಿ, ಮೂಲೆಯಿಂದ ಆರಂಭಿಸಿ ಅಂಚಿನುದ್ದಕ್ಕೂ ತುಂಡುಗಳನ್ನು ಕೂರಿಸುತ್ತ, ಸುತ್ತು ಸುತ್ತಾಗಿ ನಡುವಿನತ್ತ ಹೊಲಿಯುತ್ತ ಬರುತ್ತಾರೆ. ತುಂಡು ಜೋಡಿಸುವ ಕೆಲಸವೂ ಪದರಗಳನ್ನು ಬಂಧಿಸುವ ಕೆಲಸವೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತವೆ. ಕಡೆಗೆ ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನಿಟ್ಟರೆ ಕವಂದಿ ಪೂರ್ಣ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಅಧ್ಯಯನ ನಡೆಸಿದ ಬಳಿಕ ಈ ಕವಂದಿಗಳು ಹೊರದೇಶದ ಪ್ರದರ್ಶನಗಳನ್ನೂ ಸೇರಿವೆ. ಹೊರದೇಶ ಮೆಚ್ಚಿದ ವಿದ್ಯೆಗೆ ನೆರೆಯ ಊರಿನಲ್ಲಿ ಕೂಲಿ ಕೊಟ್ಟು ಹೊಲಿಸುವವರಿಲ್ಲ ಎಂದಾಗಬಾರದು. ಕೌದಿಯ ಬೆಲೆಯಲ್ಲಿ ಬಟ್ಟೆಯ ಪಾಲು ಸೊನ್ನೆ, ಶ್ರಮದ ಪಾಲೇ ಎಲ್ಲವೂ. ಆ ಶ್ರಮ ಮನೆಯೊಳಗಿನ ಹೆಂಗಸರದಾದರೂ ಪುಕ್ಕಟೆಯೆಂದು ಎಣಿಸುವುದು ತರವಲ್ಲ. ಗಂಡಸರಿಗೂ ಹುಡುಗರಿಗೂ ಸೂಜಿ ಹಿಡಿಯಲು ಬೆರಳುಗಳಿವೆ.

ಮಾಡುವ ಕ್ರಮ

5 ಅಡಿ ಅಗಲ, 7 ಅಡಿ ಉದ್ದದ, ಒಬ್ಬರು ಹೊದೆಯುವ ಕೌದಿಗೆ ದೊಡ್ಡವರ ಏಳೆಂಟು ಉಣ್ಣೆಯ ಸ್ವೆಟರುಗಳು ಬೇಕಾಗುತ್ತವೆ. ಮೇಲಿನ ಹಾಗೂ ಕೆಳಗಿನ ಪದರಕ್ಕೆ ಒಂದೊಂದು ಹಳೆಯ ಹತ್ತಿ ಸೀರೆ ಸಾಕು. ಸೀರೆಯಿಂದ ಎರಡು ಉದ್ದಗಳನ್ನು ಕತ್ತರಿಸಿ ಪಕ್ಕಪಕ್ಕ ಜೋಡಿಸಿದರೆ ಒಂದು ಬದಿ ಸಿದ್ಧವಾಗುತ್ತದೆ.

ಮೊದಲ ಕೆಲಸ ಹೆಣಿಗೆಯ ಸ್ವೆಟರನ್ನು ಕುಗ್ಗಿಸಿ ಗಟ್ಟಿಗೊಳಿಸುವುದು. ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಚಿಪ್ಪುಗಳಿವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಕೂಡಿದಾಗ ಚಿಪ್ಪುಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ. ಇದಕ್ಕೆ ಫೆಲ್ಟ್ ಆಗುವುದು ಎನ್ನುತ್ತಾರೆ. ಸ್ವೆಟರನ್ನು ಹಾಳುಮಾಡುವ ಗುಣವೇ ಇಲ್ಲಿ ವರ. ಬಚ್ಚಲ ಒಲೆಗೆ ಹೋಗಬೇಕಿದ್ದ ಸ್ವೆಟರು ಬಚ್ಚಲ ಹಂಡೆಯ ಬಿಸಿನೀರಿಗೆ ಹೋಗಲಿ. ಕೈ ಇಡಲಾಗದಷ್ಟು ಬಿಸಿಯಾದ ಸಾಬೂನು ನೀರಿನಲ್ಲಿ ಮುಳುಗಿಸಿ, ಕೋಲಿನಿಂದ ಚೆನ್ನಾಗಿ ಕದಡಿ, ತುಸು ಆರಿದ ಮೇಲೆ ಕೈಯಿಂದ ತಿಕ್ಕಿ, ತಣ್ಣೀರಿನಲ್ಲಿ ಜಾಲಿಸಬೇಕು. ಎರಡು ಮೂರು ಬಾರಿ ಹೀಗೆ ಮಾಡಿದರೆ ಹೆಣಿಗೆಯ ಕಣ್ಣುಗಳು ಮುಚ್ಚಿಹೋಗುತ್ತವೆ. ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿ ತೊಳೆಯಬೇಕು. ಯಂತ್ರದಲ್ಲಿ ಒಗೆಯಬಹುದು ಎಂದು ಚೀಟಿಯಲ್ಲಿ ಬರೆದ ಉಣ್ಣೆ ಬಹುತೇಕ ಕುಗ್ಗುವುದಿಲ್ಲ. ಅದರ ಚಿಪ್ಪುಗಳನ್ನು ಕಾರ್ಖಾನೆಯಲ್ಲೇ ಸವೆಸಿ, ರಾಳ ಲೇಪಿಸಿರುತ್ತಾರೆ. ಅದನ್ನೂ ಬಳಸಬಹುದು, ಆದರೆ ಕತ್ತರಿಸಿದ ಅಂಚು ಬಿಚ್ಚದಂತೆ ಹೊಲಿಯಬೇಕು. ಕೋಟು, ಶಾಲು, ಕಂಬಳಿಗಳಂಥ ನೇಯ್ದ ಬಟ್ಟೆಯನ್ನು ಕುಗ್ಗಿಸುವ ಅಗತ್ಯವಿಲ್ಲ.

ಒಣಗಿದ ಮೇಲೆ ಹೊಲಿಗೆ, ಗುಂಡಿ, ಜಿಪ್ಪು, ಕುತ್ತಿಗೆ ಮತ್ತು ಮಣಿಕಟ್ಟಿನ ಪಟ್ಟಿಗಳನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಆದಷ್ಟು ದೊಡ್ಡ ಚೌಕಗಳಾಗಿ ಮಾಡಿಕೊಳ್ಳಬೇಕು. ಒಂದು ಬದಿಯ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಚೌಕಗಳನ್ನು ಅಂಚಿಗೆ ಅಂಚು ತಾಗುವಂತೆ ಜೋಡಿಸಬೇಕು. ಒಂದರ ಮೇಲೊಂದು ಹತ್ತಿದರೆ ಅಲ್ಲಿ ಗಂಟಾಗುತ್ತದೆ, ನಡುವೆ ಸಂದು ಬಿಟ್ಟರೆ ಅಲ್ಲಿಂದಲೇ ಚಳಿ ನುಗ್ಗುತ್ತದೆ. ಅಂಚುಗಳನ್ನು ಸಡಿಲವಾಗಿ ಕೂಡಿಸಿ ಹೊಲಿದು, ದಪ್ಪ ತುಂಡುಗಳು ಎದೆ ಮತ್ತು ಪಾದ ಬರುವ ಕಡೆ ಇರುವಂತೆ ನೋಡಿಕೊಳ್ಳಬೇಕು.

ಮೇಲೆ ಎರಡನೆಯ ಪದರ ಹೊದಿಸಿ, ಕೌದಿಯ ಸಾಲುಹೊಲಿಗೆ ಹಾಕಬೇಕು. ಇಲ್ಲೊಂದು ಸೂಕ್ಷ್ಮವಿದೆ. ಹತ್ತಿಯ ಕೌದಿಯಲ್ಲಿ ಸಾಲುಗಳು ಒತ್ತೊತ್ತಾಗಿದ್ದಷ್ಟೂ ಬಾಳಿಕೆ ಹೆಚ್ಚು. ಉಣ್ಣೆಯ ಕೌದಿಯಲ್ಲಿ ತೀರ ಒತ್ತಾಗಿ ಹೊಲಿದರೆ ಗಾಳಿಯ ಜಾಗವೇ ಇಲ್ಲವಾಗಿ ಬಿಸುಪು ಕುಂದುತ್ತದೆ. ಗಟ್ಟಿಯಾದ ಉಣ್ಣೆ ಒಳಗೆ ಜಾರುವುದಿಲ್ಲವಾದ್ದರಿಂದ ಸಾಲಿನಿಂದ ಸಾಲಿಗೆ ನಾಲ್ಕು ಬೆರಳಿನ ಅಂತರ ಸಾಕು. ಸಣ್ಣ ಚೂರುಗಳನ್ನು ತುಂಬಿದ್ದರೆ ಮಾತ್ರ ಎರಡು ಬೆರಳಿಗೆ ಇಳಿಸಬೇಕು. ದಾರ ಹತ್ತಿಯದೇ ಆಗಿರಲಿ. ಪಾಲಿಯೆಸ್ಟರ್ ದಾರ ಗಟ್ಟಿಯೆನಿಸಿದರೂ, ಕೌದಿ ಮಣ್ಣಾಗುವ ದಿನ ಅದೊಂದೇ ಬಲೆಯಂತೆ ತೋಟದಲ್ಲಿ ಉಳಿದುಬಿಡುತ್ತದೆ.

ನುಸಿ ಮತ್ತು ತೇವ

ಉಣ್ಣೆಗೆ ಮಲೆನಾಡಿನಲ್ಲಿ ಇಬ್ಬರು ಶತ್ರುಗಳು. ನುಸಿಯ ಮರಿಹುಳು ಉಣ್ಣೆಯ ಕೆರಾಟಿನನ್ನು ಜೀರ್ಣಿಸಿಕೊಳ್ಳಬಲ್ಲ ಅಪರೂಪದ ಜೀವಿ. ಬೆವರು, ಎಣ್ಣೆ, ಆಹಾರದ ಕಲೆ ಇರುವ ಬಟ್ಟೆ ಅದಕ್ಕೆ ಹೆಚ್ಚು ಪ್ರಿಯ. ಕತ್ತಲೆ ಮತ್ತು ನಿಶ್ಚಲತೆ ಅದರ ಆಶ್ರಯ. ಆದ್ದರಿಂದ ದಿನವೂ ಕೊಡವಿ ಹೊದೆಯುವ ಕೌದಿಗೆ ನುಸಿ ಹತ್ತುವುದು ಕಡಿಮೆ, ಪೆಟ್ಟಿಗೆಯಲ್ಲಿ ಮರೆತ ಕೌದಿಗೆ ಹೆಚ್ಚು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೌದಿಯನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹಗಲಿಡೀ ಕಾಯಿಸಿದರೆ, ಒಳಗಿನ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮೊಟ್ಟೆ ಮತ್ತು ಮರಿಗಳು ಸಾಯುತ್ತವೆ. ಮಗುಚಿ ಹಾಕಿ ಇನ್ನೆರಡು ದಿನ ಹೀಗೆ ಮಾಡುವುದು ಕ್ಷೇಮ.

ನುಸಿಗುಳಿಗೆಯ ವಿಷಯದಲ್ಲಿ ಎಚ್ಚರ ಬೇಕು. ನ್ಯಾಫ್ತಲೀನ್ ಗುಳಿಗೆಯೊಂದಿಗೆ ಇಟ್ಟಿದ್ದ ಹೊದಿಕೆಯನ್ನು ಹಸುಗೂಸಿಗೆ ಹೊದಿಸಕೂಡದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರ ಆವಿಯಿಂದಲೇ ರಕ್ತಕಣಗಳು ಒಡೆದು ತೀವ್ರ ಕಾಮಾಲೆಯಾಗುತ್ತದೆ. ಬಾಣಂತಿಯ ಕೋಣೆಗೆ ಬಿಸಿಲಿನಲ್ಲಿ ಕಾಯಿಸಿದ ಕೌದಿಯೇ ಯೋಗ್ಯ.

ಎರಡನೆಯ ಶತ್ರು ಬೂಸಲು. ಮಳೆಗಾಲದಲ್ಲಿ ಕೌದಿಯನ್ನು ಮಡಿಸಿ ಗೋಡೆಗೆ ಒತ್ತಿ ಇಡದೆ, ಒಲೆಯ ಬಿಸಿ ತಾಗುವ ಕೋಣೆಯಲ್ಲಿ ಹಗ್ಗದ ಮೇಲೆ ಹರವಬೇಕು. ಒಳಗಿನ ಉಣ್ಣೆಯನ್ನು ಪದೇ ಪದೇ ಒಗೆಯುವ ಅಗತ್ಯವಿಲ್ಲ. ಮೇಲೊಂದು ತೆಗೆಯಬಹುದಾದ ಹತ್ತಿಯ ಗವುಸು ಹಾಕಿ, ಅದನ್ನು ಮಾತ್ರ ಒಗೆದರೆ ಸಾಕು.

ಮಣ್ಣಿಗೆ ಮರಳುವ ದಿನ

ಎಷ್ಟೇ ಜೋಪಾನ ಮಾಡಿದರೂ ಒಂದು ದಿನ ಕೌದಿಯ ಆಯುಸ್ಸು ಮುಗಿಯುತ್ತದೆ. ಉಣ್ಣೆಯ ಕೌದಿಗೂ ಪಾಲಿಯೆಸ್ಟರ್ ರಗ್ಗಿಗೂ ಇರುವ ಅಂತರ ಪೂರ್ತಿಯಾಗಿ ಕಾಣುವುದು ಆ ದಿನ. ಶುದ್ಧ ಉಣ್ಣೆಯ ಒಣತೂಕದಲ್ಲಿ ಸಾರಜನಕ ಸುಮಾರು ಶೇ. 16ರಷ್ಟಿದೆ, ಗಂಧಕ ಶೇ. 3ರಿಂದ 4ರಷ್ಟಿದೆ. ಒಂದು ಕೌದಿಯ ಹೊಟ್ಟೆಯಲ್ಲಿ 2 ಕಿಲೋ ಉಣ್ಣೆಯಿದ್ದರೆ ಅದರಲ್ಲಿನ ಸಾರಜನಕ ಸುಮಾರು 300 ಗ್ರಾಂ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು ಮಾಡಿರುವ ಸಾರಜನಕ 100 ಗ್ರಾಂ. ಅಂದರೆ ಒಂದು ಹರಿದ ಕೌದಿಯಲ್ಲಿ ಮೂರು ಅಡಿಕೆ ಮರಗಳ ಒಂದು ವರ್ಷದ ಸಾರಜನಕ ಅಡಗಿದೆ. ಕೊಟ್ಟಿಗೆ ಗೊಬ್ಬರದಿಂದ ಇಷ್ಟನ್ನೇ ಪಡೆಯಲು ಸುಮಾರು 60 ಕಿಲೋ ಬೇಕು. ಕೌದಿಯಿಂದ ತೋಟದ ಗೊಬ್ಬರ ನೀಗುತ್ತದೆಂದು ಇದರ ಅರ್ಥವಲ್ಲ. ಮನೆಯವರು ಕಸವೆಂದು ಎಸೆಯುತ್ತಿರುವುದು ಏನನ್ನು ಎಂಬುದು ತಿಳಿದಿರಲಿ.

ಕೆರಾಟಿನ್ ಗಟ್ಟಿ ಪ್ರೋಟೀನು. ಮಣ್ಣಿನ ಕೆಲವು ಶಿಲೀಂಧ್ರಗಳು ಮತ್ತು ಬ್ಯಾಕ್ಟೀರಿಯಗಳು ಮಾತ್ರ ಅದನ್ನು ಬಿಡಿಸಬಲ್ಲವು, ಅದೂ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು. ಹೀಗೆ ನಿಧಾನವಾಗಿ ಬಿಡುಗಡೆಯಾಗುವ ಸಾರಜನಕ ಮಳೆನೀರಿನಲ್ಲಿ ಕೊಚ್ಚಿಹೋಗುವುದು ಕಡಿಮೆ. ಕೌದಿಯನ್ನು ಅಂಗೈಯಗಲದ ಚೂರುಗಳಾಗಿ ಕತ್ತರಿಸಿ, ನೆನೆಸಿ, ಮರದ ಬುಡದಿಂದ ಒಂದಡಿ ಆಚೆ ಹರಡಿ, ಮೇಲೆ ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪನ್ನೋ ದರಕನ್ನೋ ಮುಚ್ಚಿದರಾಯಿತು. ಬೇಸಿಗೆಯಲ್ಲಿ ಅದು ತೇವವನ್ನೂ ಹಿಡಿದಿಡುತ್ತದೆ. ಒಂದು ಎಚ್ಚರಿಕೆಯೂ ಅಗತ್ಯ. ಉಣ್ಣೆಯ ಕಪ್ಪು, ಕಡುನೀಲಿಯಂಥ ಗಾಢ ಬಣ್ಣಗಳಲ್ಲಿ ಕೆಲವು ಕ್ರೋಮಿಯಂ ಬಳಸಿ ಹಾಕಿದವು. ಅಂಥ ಚೂರುಗಳನ್ನು ತರಕಾರಿಯ ಪಾತಿಗೆ ಹಾಕದಿರುವುದು ಲೇಸು.

ಉಳಿದ ಗುಡ್ಡೆ

ವಿಂಗಡಿಸಿದಾಗ ಒಂದು ಪಕ್ಕಕ್ಕೆ ಸರಿಸಿಟ್ಟ ಅಕ್ರಿಲಿಕ್ ಗುಡ್ಡೆ ಇನ್ನೂ ಅಲ್ಲೇ ಇದೆ. ಬಹುಪಾಲು ಮನೆಗಳಲ್ಲಿ ಅದೇ ದೊಡ್ಡ ಗುಡ್ಡೆಯಾಗಿರುತ್ತದೆ. ಅದಕ್ಕೆ ಮಣ್ಣಿನ ದಾರಿಯಿಲ್ಲ. ಮಾಡಬಹುದಾದದ್ದು ಅದರ ಬಳಕೆಯ ಕಾಲವನ್ನು ಹಿಗ್ಗಿಸುವುದು. ಚಿಕ್ಕದಾದ ಶಾಲಾ ಸ್ವೆಟರು ಮುಂದಿನ ವರ್ಷದ ಮಗುವಿಗೆ ಸಲ್ಲಲಿ, ಶಾಲೆಯ ಆಡಳಿತ ಸಮಿತಿಗಳು ಜೂನ್ ತಿಂಗಳಲ್ಲಿ ಇದಕ್ಕೊಂದು ವ್ಯವಸ್ಥೆ ಮಾಡಲಿ. ಹರಿದದ್ದು ದಿಂಬಿನ, ಕೂರುವ ಮೆತ್ತೆಯ ಹೊಟ್ಟೆ ಸೇರಲಿ. ಒಗೆದಾಗಲೆಲ್ಲ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳು ಹಳ್ಳಕ್ಕೆ ಹರಿಯುವುದರಿಂದ, ಆಗಾಗ ಒಗೆಯಬೇಕಾದ ಕೆಲಸಕ್ಕೆ ಅದನ್ನು ಬಳಸದಿರುವುದೇ ಒಳ್ಳೆಯದು.

ಮುಂದಿನ ಕೊಳ್ಳುವಿಕೆಗೆ ಈ ಎರಡು ಗುಡ್ಡೆಗಳೇ ಪಾಠ. ಬಯಲುಸೀಮೆಯಲ್ಲಿ ದಖ್ಖನಿ ಕುರಿಯ ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟದೆ ಕುರಿಗಾರರು ಅದನ್ನು ಎಸೆಯುವ ಸ್ಥಿತಿ ಹಲವೆಡೆ ಇದೆ. ಒಂದೆಡೆ ಉಣ್ಣೆ ಬೀಳಾಗುತ್ತಿರುವಾಗ ಇನ್ನೊಂದೆಡೆ ಘಟ್ಟದ ಮನೆಗಳು ಪ್ಲಾಸ್ಟಿಕ್ ಹೊದೆಯುತ್ತಿವೆ. ಹೊಸ ಹೊದಿಕೆ ಕೊಳ್ಳಲೇಬೇಕಾದ ವರ್ಷ ಒಂದು ಕಂಬಳಿ ಕೊಂಡರೆ ಆ ಕುರಿಗಾರನಿಗೂ ನೇಕಾರನಿಗೂ ಕೆಲಸ ಉಳಿಯುತ್ತದೆ. ಆ ಕಂಬಳಿ ಸವೆದ ಮೇಲೆ ಕೌದಿಯ ಒಳಪದರವಾಗುತ್ತದೆ, ಕೌದಿ ಸವೆದ ಮೇಲೆ ತೋಟ ಸೇರುತ್ತದೆ.

ಮಳೆ ಹಿಡಿಯುವ ಮುನ್ನ ಅಟ್ಟ ಹತ್ತಿ ಹಳೆಯ ಬಟ್ಟೆಯ ಗಂಟನ್ನು ಕೆಳಗಿಳಿಸಿ, ಎರಡು ಎಳೆ ಸುಟ್ಟು ನೋಡಿ, ಉಣ್ಣೆಯನ್ನು ಬೇರೆ ಮಾಡಿಡುವುದು ಒಂದು ಮಧ್ಯಾಹ್ನದ ಕೆಲಸ. ವಿದ್ಯಾರ್ಥಿಗಳು ಅಷ್ಟನ್ನು ಮಾಡಿಕೊಟ್ಟರೆ, ಹೊಲಿಯುವ ವಿದ್ಯೆ ಬಲ್ಲ ಹಿರಿಯರು ಇನ್ನೂ ಊರಿನಲ್ಲಿದ್ದಾರೆ. ಅವರು ಇರುವಾಗಲೇ ಕಲಿತುಕೊಳ್ಳುವುದು ಒಳಿತು.